ಎಷ್ಟು ಕ್ಲಿಕ್ ಎಂದು ಕೇಳುವ ಮೊದಲು ಎಷ್ಟು ಮಳೆಗಾಲ ಎಂದು ಕೇಳಿ

ಹಕ್ಕಿಗಳ ಚಿತ್ರ ತೆಗೆಯುವ ಆಸೆ ಹತ್ತಿಸಿಕೊಂಡವರು ಬರೆಯುವ ಪತ್ರಗಳಲ್ಲಿ ಎರಡು ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತವೆ. ಎಲ್ಲರೂ ಮಿರರ್‌ಲೆಸ್ ಕಡೆ ಹೊರಳಿರುವಾಗ ಹಳೆಯ ಡಿಎಸ್‌ಎಲ್‌ಆರ್ ಕೊಳ್ಳುವುದು ಸರಿಯೇ ಎನ್ನುವುದು ಮೊದಲನೆಯದು. ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ಷಟರ್ ಕೌಂಟ್ ಎಷ್ಟರ ಒಳಗಿರಬೇಕು ಎನ್ನುವುದು ಎರಡನೆಯದು. ಮೊದಲನೆಯದಕ್ಕೆ ನನ್ನ ಉತ್ತರ ಹೌದು. ಕೈಯಲ್ಲಿರುವ ಹಣಕ್ಕೆ ಮಿತಿಯಿದ್ದು, ಹಕ್ಕಿ ಪ್ರಾಣಿಗಳೇ ನಿಮ್ಮ ಗುರಿಯಾದರೆ ಧೈರ್ಯವಾಗಿ ಕೊಳ್ಳಿ. ಎರಡನೆಯದಕ್ಕೆ ಉತ್ತರ ಕೊಡುವ ಮೊದಲು ಪ್ರಶ್ನೆಯನ್ನೇ ತಿದ್ದಬೇಕಾಗುತ್ತದೆ. ನಮ್ಮ ಮಲೆನಾಡು, ಕರಾವಳಿಗಳಲ್ಲಿ ನಾನು ಕಂಡ ಮಟ್ಟಿಗೆ, ದುಡಿದು ಸವೆದ ಕ್ಯಾಮೆರಾಗಳಿಗಿಂತ ಬೀರುವಿನಲ್ಲಿ ಮಲಗಿ ಕೆಟ್ಟ ಕ್ಯಾಮೆರಾಗಳೇ ಹೆಚ್ಚು.

ಮಾತು ತೀರಾ ಸಾಮಾನ್ಯವಾಗದಿರಲಿ ಎಂದು ಒಂದು ಮಾದರಿಯನ್ನೇ ಎದುರಿಗಿಟ್ಟುಕೊಳ್ಳುತ್ತೇನೆ: ನಿಕಾನ್ ಡಿ7200. 2015ರ ಮಾರ್ಚ್‌ನಲ್ಲಿ ಪ್ರಕಟವಾದ ಕ್ಯಾಮೆರಾ ಇದು. 24.2 ಮೆಗಾಪಿಕ್ಸೆಲ್ ಕ್ರಾಪ್ ಸೆನ್ಸರ್, 51 ಫೋಕಸ್ ಪಾಯಿಂಟ್, ಸೆಕೆಂಡಿಗೆ 6 ಫ್ರೇಮ್, ಎರಡು ಕಾರ್ಡ್ ಸ್ಲಾಟ್, 1/8000 ಸೆಕೆಂಡಿನವರೆಗೆ ಹೋಗುವ ಷಟರ್. ಬ್ಯಾಟರಿ ಮತ್ತು ಕಾರ್ಡ್ ಹಾಕಿದರೆ 765 ಗ್ರಾಂ ತೂಗುತ್ತದೆ. ಹೊಸಬರಿಗೆಂದು ಮಾಡುವ ಅಗ್ಗದ ಬಾಡಿಗಳಿಗೂ ವೃತ್ತಿಯವರ ದುಬಾರಿ ಬಾಡಿಗಳಿಗೂ ನಡುವೆ ಒಂದು ವರ್ಗವಿದೆ. ಹವ್ಯಾಸವನ್ನೇ ಗಂಭೀರವಾಗಿ ಹಚ್ಚಿಕೊಂಡವರಿಗಾಗಿ ಮಾಡಿದ್ದು ಅದು, ಡಿ7200 ಅದರ ಒಳ್ಳೆಯ ಪ್ರತಿನಿಧಿ. ಈ ವರ್ಗದ ಬೆಲೆ ತಿಳಿಯುವುದು ಕೈಯಲ್ಲಿ ಹಿಡಿದಾಗಲೇ. ಷಟರ್ ವೇಗಕ್ಕೊಂದು, ಅಪರ್ಚರ್‌ಗೊಂದು ಡಯಲ್ ಇರುವುದರಿಂದ ಕಣ್ಣು ತೆಗೆಯದೆ ಎರಡನ್ನೂ ಬದಲಿಸಬಹುದು. ಯು1, ಯು2 ಎಂಬ ಎರಡು ಗುರುತುಗಳಲ್ಲಿ ನಿಮ್ಮದೇ ಹೊಂದಾಣಿಕೆಗಳನ್ನು ಕೂಡಿಡಬಹುದು. ನಾನು ಒಂದರಲ್ಲಿ ಕೊಂಬೆ ಮೇಲೆ ಕೂತ ಹಕ್ಕಿಗೆ ಬೇಕಾದ್ದನ್ನೂ ಇನ್ನೊಂದರಲ್ಲಿ ಹಾರುವ ಹಕ್ಕಿಗೆ ಬೇಕಾದ್ದನ್ನೂ ಇಟ್ಟುಕೊಂಡಿದ್ದೇನೆ. ಮಿಂಚುಳ್ಳಿ ಕೂತಲ್ಲಿಂದ ಏಳುವ ಹೊತ್ತಿಗೆ ಮೆನು ಹುಡುಕುತ್ತಾ ಕೂರುವಂತಿಲ್ಲವಲ್ಲ.

ಕ್ರಾಪ್ ಸೆನ್ಸರ್ ಬಗ್ಗೆ ಒಂದು ತಪ್ಪು ತಿಳಿವಳಿಕೆ ಬಲವಾಗಿ ಬೇರೂರಿದೆ. 500 ಎಂಎಂ ಲೆನ್ಸ್ ಈ ಬಾಡಿಯಲ್ಲಿ 750 ಎಂಎಂ ಆಗುತ್ತದೆ ಎಂದು ಮಾರುವವರು ಹೇಳುತ್ತಾರೆ. ಲೆನ್ಸ್ 500 ಎಂಎಂ ಆಗಿಯೇ ಉಳಿಯುತ್ತದೆ. ಫುಲ್ ಫ್ರೇಮ್ ಸೆನ್ಸರ್ 36 x 24 ಮಿಲಿಮೀಟರ್ ಇದ್ದರೆ ಡಿ7200ದು 23.5 x 15.6. ಅಂಚು ಕತ್ತರಿಸಿದ್ದರಿಂದ ಹಕ್ಕಿ ದೊಡ್ಡದಾಗಿ ಕಾಣುತ್ತದೆ, ಅಷ್ಟೆ. ಹಾಗಾದರೆ ಲಾಭವೇ ಇಲ್ಲವೇ? ಇದೆ, ಆದರೆ ಅದು ಪಿಕ್ಸೆಲ್‌ಗಳ ದಟ್ಟಣೆಯಲ್ಲಿದೆ. ಹೆಚ್ಚುಕಡಿಮೆ ಅಷ್ಟೇ ಮೆಗಾಪಿಕ್ಸೆಲ್ ಇರುವ ಫುಲ್ ಫ್ರೇಮ್ ಡಿ750 ಹಿಡಿದು, ಅದೇ ಜಾಗದಿಂದ, ಅದೇ ಲೆನ್ಸಿನಲ್ಲಿ ಅದೇ ಹಕ್ಕಿಯನ್ನು ತೆಗೆದು ಇಷ್ಟೇ ಚೌಕಟ್ಟಿಗೆ ಕತ್ತರಿಸಿದರೆ ಉಳಿಯುವುದು ಸುಮಾರು 10 ಮೆಗಾಪಿಕ್ಸೆಲ್. ಡಿ7200ದಲ್ಲಿ ಅದೇ ಚೌಕಟ್ಟಿಗೆ ಪೂರ್ತಿ 24 ಸಿಗುತ್ತದೆ. ದರೋಜಿಯಲ್ಲಿ ದೂರದ ಬಂಡೆಯ ಮೇಲೆ ಬರುವ ಕರಡಿ, ದಾಂಡೇಲಿಯಲ್ಲಿ ಮರದ ತುದಿಗೆ ಕೂರುವ ಮಂಗಟ್ಟೆ ಇವುಗಳ ಹತ್ತಿರ ಹೋಗಲು ನಮಗೆ ದಾರಿಯೂ ಇಲ್ಲ, ಹೋಗಲೂಬಾರದು. ಆಗ ಈ ದಟ್ಟಣೆ ನಿಜವಾಗಿ ಉಪಕಾರಕ್ಕೆ ಬರುತ್ತದೆ.

ಇದಕ್ಕೆ ತೆರುವ ಬೆಲೆಯೂ ಉಂಟು. ಸೆನ್ಸರ್‌ನ ವಿಸ್ತೀರ್ಣ ಫುಲ್ ಫ್ರೇಮ್‌ನ ಅರ್ಧಕ್ಕಿಂತ ಕಡಿಮೆ, ಹಾಗಾಗಿ ಅದು ಕೂಡಿಸಿಕೊಳ್ಳುವ ಬೆಳಕೂ ಅಷ್ಟೇ. ಮಂದ ಬೆಳಕಿನಲ್ಲಿ ಒಂದು ಸ್ಟಾಪ್‌ಗಿಂತ ತುಸು ಹೆಚ್ಚೇ ಹಿಂದೆ ಬೀಳುತ್ತದೆ. ಕಬಿನಿಯ ಸಂಜೆ ಸಫಾರಿಯ ಕೊನೆಯ ಹೊತ್ತಿನಲ್ಲಿ, ಆಗುಂಬೆಯ ಕಾಡಿನೊಳಗೆ ನಡುಹಗಲಿನಲ್ಲೂ, ಈ ಮಿತಿ ಎದ್ದು ಕಾಣುತ್ತದೆ. ಐಎಸ್‌ಒ 3200ರವರೆಗೆ ನಾನು ಯೋಚಿಸದೆ ಬಳಸುತ್ತೇನೆ. 6400ಕ್ಕೆ ಹೋದರೆ ಮನೆಗೆ ಬಂದು ನಾಯ್ಸ್ ತೆಗೆಯುವ ಸಾಫ್ಟ್‌ವೇರ್‌ನ ನೆರವು ಬೇಕು. ಅದರಾಚೆಗೆ ಕ್ಯಾಮೆರಾ ಕೆಳಗಿಟ್ಟು ಕಣ್ಣಿನಲ್ಲೇ ನೋಡುವುದು ಲೇಸು.

ಅದೇ ಸಾಲಿನ ಉಳಿದ ಕ್ಯಾಮೆರಾಗಳ ಬಗ್ಗೆಯೂ ಕೇಳುತ್ತಾರೆ. ಹಿಂದಿನ ಡಿ7100 ಚಿತ್ರದ ಗುಣದಲ್ಲಿ ಬಹಳ ಕೆಳಗಿಲ್ಲ. ಅದರ ಬಫರ್ ಮಾತ್ರ ತೀರಾ ಚಿಕ್ಕದು: 14 ಬಿಟ್ ರಾ ಚಿತ್ರಗಳಾದರೆ ಆರಕ್ಕೇ ತುಂಬುತ್ತದೆ, ಎಂದರೆ ಗುಂಡಿ ಒತ್ತಿ ಹಿಡಿದ ಒಂದು ಸೆಕೆಂಡಿಗೆ. ಡಿ7200ದಲ್ಲಿ 18 ಸಿಗುತ್ತವೆ. ಹಾರುವ ಹಕ್ಕಿಗೆ ಈ ವ್ಯತ್ಯಾಸ ದೊಡ್ಡದು. 2017ರ ಡಿ7500 ಬಫರ್ ಮತ್ತು ವೇಗದಲ್ಲಿ ಮುಂದಿದೆ, ಅದರ ಪರದೆ ಮೇಲೆ ಕೆಳಗೆ ವಾಲುತ್ತದೆ. ಆದರೆ ಒಂದು ಕಾರ್ಡ್ ಸ್ಲಾಟ್ ಹೋಯಿತು, ಹಳೆಯ ಮ್ಯಾನುಯಲ್ ಫೋಕಸ್ ಲೆನ್ಸ್‌ಗಳ ಜೊತೆ ಮೀಟರಿಂಗ್ ಮಾಡುವ ಎಐ ರಿಂಗ್ ಹೋಯಿತು. ಮೇಲಿನ ಮಾದರಿಗೆ ಕಿರಿಕಿರಿಯಾಗದಿರಲಿ ಎಂದು ಕೆಳಗಿನದರಿಂದ ಕಿತ್ತುಕೊಂಡ ಹಾಗೆ ನನಗೆ ಕಾಣುತ್ತದೆ. ಆ ಮೇಲಿನ ಮಾದರಿಯೇ ಡಿ500: 153 ಫೋಕಸ್ ಪಾಯಿಂಟ್, ಸೆಕೆಂಡಿಗೆ 10 ಫ್ರೇಮ್. ಹಕ್ಕಿಗಾರರಿಗೆ ನಿಕಾನ್ ಮಾಡಿದ ಅತ್ಯುತ್ತಮ ಕ್ರಾಪ್ ಡಿಎಸ್‌ಎಲ್‌ಆರ್ ಅದೇ ಎನ್ನುವುದರಲ್ಲಿ ನನಗೆ ಅನುಮಾನವಿಲ್ಲ. ಒಳ್ಳೆಯ ಸ್ಥಿತಿಯದು ಕೈಗೆಟಕುವ ದರದಲ್ಲಿ ಸಿಕ್ಕರೆ ಈ ಬರಹ ಬದಿಗಿಟ್ಟು ಅದನ್ನೇ ಕೊಳ್ಳಿ. ಕ್ಯಾನನ್ ಕಡೆಯವರಿಗೆ 2014ರ 7ಡಿ ಮಾರ್ಕ್ 2, 2016ರ 80ಡಿ ಇದೇ ಜಾಗ ತುಂಬುತ್ತವೆ. ವಿಡಿಯೋವೂ ಬೇಕೆನ್ನುವವರಿಗೆ 80ಡಿ ಮೇಲು, ಏಕೆಂದರೆ ಲೈವ್ ವ್ಯೂನಲ್ಲಿ ಡಿ7200 ಫೋಕಸ್ ಹಿಡಿಯಲು ತಡವರಿಸುತ್ತದೆ.

ಈಗ ಷಟರ್ ಕೌಂಟ್. ಹಳೆ ಬೈಕಿನ ಕಿಲೋಮೀಟರ್ ನೋಡಿದ ಹಾಗೆ ಕೊಳ್ಳುವವರೆಲ್ಲ ಮೊದಲು ನೋಡುವುದು ಇದನ್ನೇ. ಡಿ7200ದ ಷಟರನ್ನು 1,50,000 ಬಾರಿ ತೆರೆದು ಮುಚ್ಚಿ ಪರೀಕ್ಷಿಸಿದ್ದೇವೆ ಎಂದು ನಿಕಾನ್ ಹೇಳಿತ್ತು. ಅದು ಪರೀಕ್ಷೆಯ ಸಂಖ್ಯೆ. ಅಷ್ಟಕ್ಕೆ ನಿಂತೇಹೋಗುತ್ತದೆ ಎಂದಾಗಲಿ, ಅಲ್ಲಿಯತನಕ ಖಂಡಿತ ಬಾಳುತ್ತದೆ ಎಂದಾಗಲಿ ಅದರ ಅರ್ಥವಲ್ಲ. ಎಣಿಕೆ ತಿಳಿಯುವುದು ಸುಲಭ. ನಿಕಾನ್ ಕ್ಯಾಮೆರಾ ಪ್ರತಿ ಚಿತ್ರದೊಳಗೂ ಅದನ್ನು ಬರೆದಿಡುತ್ತದೆ. ನೇರ ಕ್ಯಾಮೆರಾದಿಂದ ಬಂದ ಒಂದು ಫೈಲನ್ನು ಎಕ್ಸಿಫ್‌ಟೂಲ್ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ ತೆರೆದರೆ ಸಾಕು. ಮಾರುವವರು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಫೋಟೋದಲ್ಲಿ ಈ ಮಾಹಿತಿ ಅಳಿಸಿಹೋಗಿರುತ್ತದೆ, ಅದನ್ನು ನಂಬಿ ಕೂರಬೇಡಿ. ಕ್ಯಾನನ್‌ನ ಹೆಚ್ಚಿನ ಮಾದರಿಗಳಲ್ಲಿ ಚಿತ್ರದೊಳಗೆ ಎಣಿಕೆ ಇರುವುದಿಲ್ಲ, ಯುಎಸ್‌ಬಿ ಮೂಲಕ ಕಂಪ್ಯೂಟರಿಗೆ ಜೋಡಿಸಿ ನೋಡಬೇಕು.

ಈ ಸಂಖ್ಯೆಗೆ ನಾವು ಕೊಡುವ ತೂಕ ಅತಿಯಾಯಿತು ಎಂದು ನನಗೆ ಮನದಟ್ಟಾದದ್ದು ಪರಿಚಯದ ಅಧ್ಯಾಪಕರೊಬ್ಬರಿಗೆ ಕ್ಯಾಮೆರಾ ಹುಡುಕಲು ಜೊತೆಗೆ ಹೋದಾಗ. ಎರಡು ಡಿ7200 ನೋಡಿದೆವು. ಮೊದಲನೆಯದು ತೀರ್ಥಹಳ್ಳಿ ಕಡೆಯ ಮನೆಯೊಂದರಲ್ಲಿತ್ತು. ಎಣಿಕೆ ಹತ್ತು ಸಾವಿರವನ್ನೂ ದಾಟಿರಲಿಲ್ಲ. ಪೆಟ್ಟಿಗೆ, ಬಿಲ್ಲು, ಚಾರ್ಜರ್ ಎಲ್ಲ ಅಚ್ಚುಕಟ್ಟು. ಮೈಮೇಲೆ ಒಂದು ಗೀರಿಲ್ಲ. ಮಗ ಊರು ಬಿಟ್ಟ ಮೇಲೆ ಬ್ಯಾಗಿನೊಳಗೆ ಹಾಗೇ ಇತ್ತಂತೆ. ಎರಡನೆಯದು ದಾವಣಗೆರೆಯ ಮದುವೆ ಫೋಟೋಗ್ರಾಫರ್ ಒಬ್ಬರದು. ಎಣಿಕೆ ಲಕ್ಷದ ಹತ್ತಿರ. ಫ್ಲ್ಯಾಶ್ ಕೂರಿಸುವ ಹಾಟ್ ಶೂನ ಬಣ್ಣ ಪೂರ್ತಿ ಸವೆದಿತ್ತು, ಹೆಬ್ಬೆರಳಿನ ಕೆಳಗಿನ ರಬ್ಬರ್ ಉಬ್ಬಿ ಮೇಲೆದ್ದಿತ್ತು. “ಸರ್, ಇದನ್ನ ಯಾರು ತಗೋತಾರೆ?” ಎಂದು ಅಧ್ಯಾಪಕರು ನನ್ನ ಕಿವಿಯಲ್ಲಿ ಹೇಳಿದರು. ನಾನು ಅವರಿಗೆ ಕೊಡಿಸಿದ್ದು ಅದನ್ನೇ. ತೀರ್ಥಹಳ್ಳಿಯ ಕ್ಯಾಮೆರಾದ ಲೆನ್ಸ್ ತೆಗೆದು ಟಾರ್ಚ್ ಬಿಟ್ಟಾಗ ಒಳಗಿನ ಗಾಜಿನ ಅಂಚಿನಿಂದ ಜೇಡರ ಬಲೆಯಂಥ ಬೂಷ್ಟಿನ ಎಳೆಗಳು ಹರಡಿದ್ದವು. ವ್ಯೂಫೈಂಡರ್‌ನ ಒಳಗೂ ಮಂಜು ಕವಿದಂಥ ಕಲೆ. ದಾವಣಗೆರೆಯದು ಹೊರಗೆ ಎಷ್ಟು ಬಡವಾಗಿತ್ತೋ ಒಳಗೆ ಅಷ್ಟು ಶುಭ್ರ. ಅದೀಗಲೂ ಆ ಅಧ್ಯಾಪಕರ ಜೊತೆ ಮಂಡಗದ್ದೆಗೆ ಹೋಗಿಬರುತ್ತಿದೆ.

ಫಂಗಸ್ ಎಂದು ನಾವು ಕರೆಯುವ ಈ ಬೂಷ್ಟಿನ ಬೀಜಕಣಗಳು ಗಾಳಿಯಲ್ಲಿ ಎಲ್ಲೆಲ್ಲೂ ಇವೆ. ನಿಮ್ಮ ಲೆನ್ಸಿನಲ್ಲೂ ಇವೆ. ಅವು ಮೊಳೆಯುವುದು ಗಾಳಿಯ ತೇವ ಬಹುಕಾಲ ಏರಿಯೇ ಇದ್ದಾಗ. ಕತ್ತಲೆ ಮತ್ತು ಆಡದ ಗಾಳಿ ಸೇರಿಕೊಂಡರೆ ಕೇಳುವುದೇ ಬೇಡ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗೂ ಮಿಕ್ಕಿ ಮಳೆ ಬೀಳುವ ಆಗುಂಬೆಯಂಥ ಕಡೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಚ್ಚಿಟ್ಟ ಕ್ಯಾಮೆರಾ ಬ್ಯಾಗು ಅದಕ್ಕೆ ಹೇಳಿ ಮಾಡಿಸಿದ ಮನೆ. ಬ್ಯಾಗಿನ ಸ್ಪಂಜು ತೇವ ಹೀರಿಕೊಂಡು ಬಿಡುವುದೇ ಇಲ್ಲ. ಬೂಷ್ಟು ಬೆಳೆಯುತ್ತಾ ಒಸರುವ ಆಮ್ಲ ಗಾಜಿನ ಮೇಲಿನ ಲೇಪವನ್ನು ಕೊರೆಯುತ್ತದೆ. ಆರಂಭದಲ್ಲೇ ಕಂಡರೆ ಲೆನ್ಸ್ ಬಿಚ್ಚಿ ಒರೆಸಿ ತೆಗೆಯಬಹುದು. ಲೇಪ ಕೊರೆದ ಮೇಲೆ ಒರೆಸಿದರೂ ಗುರುತು ಉಳಿಯುತ್ತದೆ, ಎದುರು ಬೆಳಕಿನ ಚಿತ್ರಗಳೆಲ್ಲ ಮಸುಕಾಗುತ್ತವೆ. ಸವೆದ ಷಟರನ್ನು ಬದಲಿಸಿಕೊಡುವ ರಿಪೇರಿಯವರು ಸಿಗುತ್ತಾರೆ, ಅದಕ್ಕೊಂದು ನಿಗದಿಯಾದ ಖರ್ಚಿದೆ. ಒಳಗೆ ತೇವ ಹೊಕ್ಕ ಕ್ಯಾಮೆರಾದಲ್ಲಿ ಇಂದು ಗಾಜು, ನಾಳೆ ಸಂಪರ್ಕದ ತಾಮ್ರ, ನಾಡಿದ್ದು ಸರ್ಕ್ಯೂಟ್; ಖರ್ಚಿನ ಕೊನೆ ಯಾರೂ ಹೇಳಲಾರರು. ಅದಕ್ಕೇ ಮಾರುವವರನ್ನು ನಾನು ಮೊದಲು ಕೇಳುವುದು ಕ್ಯಾಮೆರಾ ಎಲ್ಲಿತ್ತು, ಯಾವುದರಲ್ಲಿ ಇಟ್ಟಿದ್ದಿರಿ, ಎಷ್ಟು ಮಳೆಗಾಲ ಕಳೆದಿದೆ ಎಂದು.

ನೋಡಲು ಹೋಗುವಾಗ ಒಂದು ಟಾರ್ಚ್, ನಿಮ್ಮದೇ ಮೆಮೊರಿ ಕಾರ್ಡ್, ಲ್ಯಾಪ್‌ಟಾಪ್, ಸಾಧ್ಯವಾದರೆ 50 ಎಂಎಂ ಎಫ್/1.8ಡಿ ಲೆನ್ಸ್ ಜೊತೆಗಿರಲಿ. ಕೊನೆಯದನ್ನು ಏಕೆ ಹೇಳಿದೆನೆಂದರೆ ಆ ಲೆನ್ಸಿನಲ್ಲಿ ಮೋಟಾರ್ ಇಲ್ಲ, ಬಾಡಿಯೊಳಗಿನ ಮೋಟಾರೇ ಅದನ್ನು ತಿರುಗಿಸಬೇಕು. ಹಳೆಯ ಎಎಫ್-ಡಿ ಲೆನ್ಸ್‌ಗಳು ಸೆಕೆಂಡ್ ಹ್ಯಾಂಡ್‌ನಲ್ಲಿ ಅಗ್ಗವಾಗಿ ಸಿಗುತ್ತವೆ, ಅವುಗಳಿಗೆ ಆಟೋಫೋಕಸ್ ಕೊಡುವ ಶಕ್ತಿ ಈ ವರ್ಗದ ಬಾಡಿಗಳಿಗಿದೆ. ಡಿ3000, ಡಿ5000 ಸರಣಿಯ ಬಾಡಿಗಳಿಗಿಲ್ಲ. ನೀವು ಕೊಡುವ ಹಣದ ಒಂದು ಪಾಲು ಆ ಮೋಟಾರಿಗೇ ಹೋಗುವುದರಿಂದ ಅದು ಓಡುತ್ತದೆಯೇ ಎಂದು ನೋಡಿಯೇ ಬನ್ನಿ.

ಎಲ್ಲಕ್ಕಿಂತ ಹೆಚ್ಚು ಹೊತ್ತು ಕೊಡಬೇಕಾದದ್ದು ಫೋಕಸ್ ಪರೀಕ್ಷೆಗೆ. ಡಿಎಸ್‌ಎಲ್‌ಆರ್‌ನಲ್ಲಿ ಫೋಕಸ್ ನೋಡುವುದು ಚಿತ್ರ ಹಿಡಿಯುವ ಸೆನ್ಸರ್ ಅಲ್ಲ. ಕನ್ನಡಿಯ ನಡುಭಾಗದಿಂದ ಸ್ವಲ್ಪ ಬೆಳಕು ನುಸುಳಿ, ಹಿಂದಿನ ಪುಟ್ಟ ಕನ್ನಡಿಗೆ ಬಡಿದು, ಕ್ಯಾಮೆರಾದ ತಳದಲ್ಲಿರುವ ಬೇರೊಂದು ಸೆನ್ಸರ್‌ಗೆ ಹೋಗುತ್ತದೆ. ಕ್ಯಾಮೆರಾ ಎಂದಾದರೂ ಬಿದ್ದು ಆ ಕನ್ನಡಿಗಳು ಕೂದಲೆಳೆಯಷ್ಟು ಅಲುಗಿದ್ದರೂ ಹಕ್ಕಿಯ ಕಣ್ಣಿಗೆ ಹಿಡಿದ ಫೋಕಸ್ ಬಾಲಕ್ಕೆ ಹೋಗಿ ಕೂರುತ್ತದೆ. ಪರೀಕ್ಷೆಗೆ ಯಾವುದಾದರೂ ಪತ್ರಿಕೆಯ ಹಾಳೆ ಸಾಕು. ಮೇಜಿನ ಮೇಲೆ ಹಾಸಿ, ಕ್ಯಾಮೆರಾವನ್ನು ಟ್ರೈಪಾಡ್ ಮೇಲೆ ಓರೆಯಾಗಿ ನಿಲ್ಲಿಸಿ, ಅಪರ್ಚರ್ ಪೂರ್ತಿ ತೆರೆದು, ನಡುವಿನ ಒಂದು ಸಾಲಿಗೆ ವ್ಯೂಫೈಂಡರ್‌ನಿಂದ ಫೋಕಸ್ ಮಾಡಿ ತೆಗೆಯಿರಿ. ಅದೇ ಸಾಲಿಗೆ ಲೈವ್ ವ್ಯೂನಲ್ಲಿ ಫೋಕಸ್ ಮಾಡಿ ಇನ್ನೊಂದು ತೆಗೆಯಿರಿ. ಲೈವ್ ವ್ಯೂನಲ್ಲಿ ಫೋಕಸ್ ನೋಡುವುದು ಚಿತ್ರದ ಸೆನ್ಸರೇ ಆದ್ದರಿಂದ ಎರಡನೆಯದು ನಿಮ್ಮ ಅಳತೆಗೋಲು. ಎರಡರಲ್ಲೂ ಅದೇ ಸಾಲು ಚೊಕ್ಕವಾಗಿದ್ದರೆ ನಿಶ್ಚಿಂತೆ. ತುಸು ವ್ಯತ್ಯಾಸವಿದ್ದರೆ ಮೆನುವಿನ ಎಎಫ್ ಫೈನ್-ಟ್ಯೂನ್‌ನಲ್ಲಿ ಸರಿಪಡಿಸಬಹುದು. ಅಲ್ಲಿ ಮೈನಸ್ 20ರಿಂದ ಪ್ಲಸ್ 20ರವರೆಗೆ ಅವಕಾಶವಿದೆ. ಬೇರೆ ಬೇರೆ ಲೆನ್ಸ್ ಹಾಕಿದಾಗಲೂ ಒಂದೇ ದಿಕ್ಕಿಗೆ ಹದಿನೈದೋ ಇಪ್ಪತ್ತೋ ಬೇಕಾಗುತ್ತಿದ್ದರೆ ಆ ಬಾಡಿ ಪೆಟ್ಟು ತಿಂದಿದೆ ಎಂದೇ ತಿಳಿದು ಕೈಮುಗಿದು ಬನ್ನಿ.

ಉಳಿದವು ಬೇಗ ಮುಗಿಯುತ್ತವೆ. ಎಫ್/22 ಇಟ್ಟು ಬರಿಯ ಆಕಾಶದ ಚಿತ್ರ ತೆಗೆದರೆ ಸೆನ್ಸರ್ ಮೇಲಿನ ಧೂಳು, ಎಣ್ಣೆಯ ಚುಕ್ಕಿ ಎಲ್ಲ ಎದ್ದು ಬರುತ್ತವೆ. ಧೂಳಿಗೆ ಹೆದರಬೇಡಿ, ಸ್ವಚ್ಛ ಮಾಡಿಸಬಹುದು, ಚೌಕಾಸಿಗೆ ಒಂದು ನೆಪವೂ ಆದೀತು. 1/8000 ಸೆಕೆಂಡಿನಲ್ಲಿ ಅದೇ ಆಕಾಶ ತೆಗೆದಾಗ ಒಂದು ಬದಿ ಕಪ್ಪಾದರೆ ಷಟರ್ ಪರದೆಗಳ ಓಟ ತಪ್ಪಿದೆ. ಕೌಂಟ್ ಎಷ್ಟೇ ಕಡಿಮೆ ಇದ್ದರೂ ಆ ಷಟರ್ ಮುಗಿದ ಹಾಗೆ. ಎರಡೂ ಸ್ಲಾಟ್‌ಗಳಲ್ಲಿ ಕಾರ್ಡ್ ಹಾಕಿ ನೋಡಿ. ಮೆನುವಿನ ಬ್ಯಾಟರಿ ಮಾಹಿತಿಯಲ್ಲಿ ಬ್ಯಾಟರಿಯ ವಯಸ್ಸು ಸೊನ್ನೆಯಿಂದ ನಾಲ್ಕರ ಅಳತೆಯಲ್ಲಿ ಕಾಣುತ್ತದೆ, ನಾಲ್ಕು ಎಂದರೆ ಹೊಸದು ಕೊಳ್ಳಬೇಕು ಎಂದರ್ಥ. ಬಾಡಿಯ ತಳದ ಸೀರಿಯಲ್ ನಂಬರ್, ಬಿಲ್ಲಿನ ನಂಬರ್, ಚಿತ್ರದ ಮಾಹಿತಿಯೊಳಗಿನ ನಂಬರ್ ಮೂರೂ ಒಂದೇ ಇರಬೇಕು. ಬಿಲ್ಲಿಲ್ಲದ ಕ್ಯಾಮೆರಾವನ್ನು ನಾನು ಯಾರಿಗೂ ಕೊಡಿಸುವುದಿಲ್ಲ. ಅಗ್ಗಕ್ಕೆ ಸಿಗುತ್ತಿರುವುದು ಇನ್ನೊಬ್ಬ ಹವ್ಯಾಸಿಯಿಂದ ಕದ್ದದ್ದಿರಬಹುದು.

ಹಣ ಹಂಚಿಕೊಳ್ಳುವ ಬಗೆ ನನ್ನ ಪ್ರಕಾರ ಇಷ್ಟೇ: ಬಾಡಿಗೆ ಕಡಿಮೆ, ಲೆನ್ಸಿಗೆ ಹೆಚ್ಚು. ನಿಕಾನ್‌ನ 200-500 ಎಂಎಂ ಎಫ್/5.6, ಇಲ್ಲವೇ ಸಿಗ್ಮಾ ಅಥವಾ ಟ್ಯಾಮ್ರಾನ್‌ನ 150-600 ಎಂಎಂ ಈ ಬಾಡಿಗೆ ಒಳ್ಳೆಯ ಜೋಡಿ. ನಿಕಾನ್‌ನದು 2.3 ಕಿಲೋ ತೂಗುತ್ತದೆ, ಇಡೀ ದಿನ ಹೆಗಲಲ್ಲಿ ಹೊರುವ ಮೊದಲು ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ಅದರ ಅಪರ್ಚರ್ ವಿದ್ಯುತ್ತಿನಿಂದ ನಡೆಯುವಂಥದ್ದು, ಡಿ90ರಂಥ ಇನ್ನೂ ಹಳೆಯ ಬಾಡಿಗಳಲ್ಲಿ ಸರಿಯಾಗಿ ಕೆಲಸ ಮಾಡುವುದಿಲ್ಲ, ಡಿ7200ದಲ್ಲಿ ತೊಂದರೆಯಿಲ್ಲ. ರಂಗನತಿಟ್ಟಿನಂತೆ ದೋಣಿ ಹಕ್ಕಿಯ ಹತ್ತಿರಕ್ಕೇ ಹೋಗುವ ಕಡೆ 300 ಎಂಎಂ ಕೂಡ ಸಾಕಾಗುತ್ತದೆ. ಮುಂದೊಂದು ದಿನ ಮಿರರ್‌ಲೆಸ್‌ಗೆ ಹೋದರೂ ಈ ಲೆನ್ಸ್ ಅಡಾಪ್ಟರ್ ಮೂಲಕ ಜೊತೆಗೆ ಬರುತ್ತದೆ. ಎಎಫ್-ಡಿ ಲೆನ್ಸ್‌ಗಳು ಮಾತ್ರ ನಿಕಾನ್‌ನ ಎಫ್‌ಟಿಜೆಡ್ ಅಡಾಪ್ಟರ್‌ನಲ್ಲಿ ಆಟೋಫೋಕಸ್ ಕಳೆದುಕೊಳ್ಳುತ್ತವೆ, ಏಕೆಂದರೆ ಅದರಲ್ಲಿ ಮೋಟಾರ್ ಇಲ್ಲ.

ಮಿರರ್‌ಲೆಸ್ ಮೇಲಲ್ಲ ಎಂದು ನಾನು ವಾದಿಸುತ್ತಿಲ್ಲ. ಹಕ್ಕಿಯ ಕಣ್ಣನ್ನು ತಾನೇ ಹುಡುಕಿ ಹಿಡಿಯುವ ಹೊಸ ಬಾಡಿಗಳ ಎದುರು, ರೆಕ್ಕೆ ಬಿಚ್ಚಿದ ಹಕ್ಕಿಯ ವಿಷಯದಲ್ಲಿ, ಡಿ7200 ಹಿಂದೆಯೇ. ಆದರೆ ಒಂದು ಚಾರ್ಜಿಗೆ ಸಾವಿರಕ್ಕೂ ಹೆಚ್ಚು ಚಿತ್ರ ಕೊಡುವ ಬ್ಯಾಟರಿ, ಗಾಜಿನ ಮೂಲಕ ನೇರ ಕಣ್ಣಿಗೆ ಬರುವ ನೋಟ, ಹೊಸ ಬಾಡಿಯ ದರದಲ್ಲಿ ಬಾಡಿ ಲೆನ್ಸ್ ಎರಡೂ ಬರುವ ಅನುಕೂಲ, ಇವು ಓದುತ್ತಿರುವ ಹುಡುಗ ಹುಡುಗಿಯರಿಗೆ, ಸಂಬಳದಲ್ಲಿ ಉಳಿಸಿ ಕೊಳ್ಳುವವರಿಗೆ ಸಣ್ಣ ಮಾತಲ್ಲ. ಕೊಂಡ ಮೇಲೆ ಬ್ಯಾಗಿನಲ್ಲಿ ಇಡಬೇಡಿ. ಡ್ರೈ ಕ್ಯಾಬಿನೆಟ್ ಇದ್ದರೆ ತೇವವನ್ನು ಶೇಕಡಾ 40ರಿಂದ 50ರ ನಡುವೆ ನಿಲ್ಲಿಸಿ. ಇಲ್ಲದಿದ್ದರೆ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಸಿಲಿಕಾ ಜೆಲ್, ಒಂದು ಪುಟ್ಟ ಹೈಗ್ರೋಮೀಟರ್ ಸಾಕು. ಜೆಲ್ ಬಣ್ಣ ತಿರುಗಿದಾಗ ಬಿಸಿ ಮಾಡಿ ಒಣಗಿಸಿ ಮತ್ತೆ ಹಾಕಿ. ಅಕ್ಕಿಯಲ್ಲಿ ಹೂತಿಡುವ ಉಪಾಯ ಬೇಡ, ಅದರ ಹುಡಿ ಸಂದುಗೊಂದಿಗಳಿಗೆ ಹೋಗುತ್ತದೆ. ಮಳೆಗಾಲದಲ್ಲೂ ಆಗಾಗ ಹೊರತೆಗೆದು ಗಾಳಿಗೆ ಹಿಡಿದು ನಾಲ್ಕು ಚಿತ್ರ ತೆಗೆಯಿರಿ.

ಕೊನೆಯ ಮಾತು ಮಾರುವವರಿಗೆ. ಮನೆಯಲ್ಲಿ ಸುಮ್ಮನೆ ಬಿದ್ದಿರುವ ಡಿಎಸ್‌ಎಲ್‌ಆರ್ ಇದ್ದರೆ ಮುಂದಿನ ಮಳೆಗಾಲಕ್ಕೆ ಮುಂಚೆ ಮಾರಿ, ಇಲ್ಲವೇ ಆಸಕ್ತಿಯಿರುವ ಪಕ್ಕದ ಮನೆಯ ಹುಡುಗಿಗೆ ಕೊಟ್ಟುಬಿಡಿ. ಬಿಲ್ಲು, ಚಾರ್ಜರ್ ಜೊತೆಗಿಡಿ. ಬಿದ್ದಿದ್ದರೆ ಬಿದ್ದಿತ್ತು ಎಂದೂ, ರಿಪೇರಿಯಾಗಿದ್ದರೆ ಎಲ್ಲಿ, ಏನು ರಿಪೇರಿ ಎಂದೂ ಹೇಳಿ.